ಟೊಂಕದೆತ್ತರದ ಬಾಗಿಲು

೧೯೭೪ರ ಮೇ ತಿಂಗಳು. ಹ್ಯೂಸ್ಟನ್ನಿನಲ್ಲಿ ಮಳೆ ಹಿಡಿದಿತ್ತು, ಸಂಜೆಯೇ ಕರೆಂಟು ಹೋಗಿತ್ತು. ಓದಲು ಬಂದಿದ್ದ ನಾವು ಐದಾರು ಜನ ದಾಕ್ಷಾಯಣಿ ಆಂಟಿಯ ಮನೆಯಲ್ಲಿ ಮೇಣದಬತ್ತಿ ಹಚ್ಚಿಕೊಂಡು ಕುಳಿತಿದ್ದೆವು. ಆಂಟಿಯ ತಂದೆ ಹಾಲಪ್ಪನವರು ವಿಜಾಪುರದ ಕಡೆಯವರು, ಪಿಡಬ್ಲ್ಯುಡಿ ಇಂಜಿನಿಯರಾಗಿ ನಿವೃತ್ತರಾದವರು. ಇಲ್ಲಿಯ ಎತ್ತರದ ಬಾಗಿಲುಗಳಲ್ಲೂ ಅವರು ಟೊಂಕ ಬಗ್ಗಿಸಿಯೇ ಒಳಗೆ ಬರುತ್ತಿದ್ದರು. ಅವತ್ತು ನಮಗೆ ನಗು ತಡೆಯಲಾಗಲಿಲ್ಲ. ಮುದುಕರು ಮೊಮ್ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಶುರು ಮಾಡಿದರು.

"ನಗ್ರಿ, ನಗ್ರಿ... ನಾನೂ ನಕ್ಕಾಂವನ. ನಮ್ಮೂರ ಗುಡ್ಡದ ಮ್ಯಾಲ ಒಂದು ಹಳೇ ದರ್ಗಾ ಐತಿ. ಗುಮ್ಮಟದೊಳಗ ಇನ್ನೊಂದು ಗುಮ್ಮಟ ಕಟ್ಯಾರ... ಹೊರಗ ಎಂಥಾ ಮಳಿ ಹೊಡೀಲಿ, ಒಳಗ ಒಂದು ಹನಿ ಸದ್ದಿಲ್ಲ! ಕಟ್ಟಿದವರು ಯಾವ ಕಾಲೇಜಿನ್ಯಾಗ ಕಲ್ತಿದ್ರೋ? ಬಾಗಲಾ ಮಾತ್ರ ಟೊಂಕದ ಮಟ. ಬಾಗಿ ಹೋದ್ರ, ಒಳಗ ಕುಂತ, ದರ್ಗಾ ನೋಡಕೊಳ್ಳೋ ಮುಜಾವರ ದಸ್ತಗೀರಸಾಬ ನವಿಲಗರಿ ಕಟ್ಟಿಲೆ ಕುತ್ತಿಗಿ ಹಿಂದ ಹೆಡಕಿನ ಮ್ಯಾಲ ಮೆಲ್ಲಕ ತಟ್ಟತಿದ್ದ.

ಅರವತ್ತೆರಡರಾಗ ರಿಪೇರಿಗೆ ಹೋದಾಗ ನಾ ಏನ ಮಾಡಿದೆ? ಬಾಗಲಾ ಒಡದು ಎತ್ತರ ಮಾಡ್ರಿ ಅಂತ ಆರ್ಡರ್ ಬರದೆ. ದೊಡ್ಡ ಇಂಜಿನಿಯರ್ ನೋಡ್ರಿ ನಾ! ದಸ್ತಗೀರಸಾಬ ಜಗಳಾ ಆಡಲಿಲ್ಲ. 'ಒಮ್ಮೆ ಬಾಗಿ ಬರ್ರಿ ಸಾಹೇಬ್ರ, ಆಮ್ಯಾಲ ಒಡೀರಿ' ಅಂದ. ಬಾಗಿದೆ... ಗರಿ ತಾಗಿತು. ಯಾಕೋ ಕಣ್ಣೀರ ಬಂತು. ಹೊರಗ ಬಂದು ಆರ್ಡರ್ ಹರದ ಒಗದೆ. ದಸ್ತಗೀರಸಾಬ 'ಈ ಹೆಡಕು ಇನ್ನ ನನ್ನ ಕಡೆ ಇರಲಿ, ನಾ ಕಾಯತೀನಿ' ಅಂತ ನಕ್ಕ. ಆ ವರ್ಷ ಉರುಸಿಗಿಂತ ಮೊದಲ ತೀರಿಕೊಂಡ. ನಾ ಮಾತ್ರ ವಾರಾ ವಾರಾ ಹೋಗಿ ಬಾಗತಿದ್ದೆ.

ಹೋದ ತಿಂಗಳ ಡಲ್ಲಾಸಿನಿಂದ ಬರಾಕತ್ತಿದ್ವಿ. ಅಳಿಯ ಅರವಿಂದ ಡ್ರೈವ್ ಮಾಡಾಕತ್ತಿದ್ದ, ಬಾಜೂಕ ನಾನು, ತೊಡಿ ಮ್ಯಾಲ ಈ ಕೂಸು. ಹಿಂಗ ಮಳಿ... ಒಮ್ಮಿಂದೊಮ್ಮೆ ಸದ್ದು ನಿಂತಿತು. ಗ್ಲಾಸಿನ ಮ್ಯಾಲ ನೀರು ಹರೀತೈತಿ, ಸದ್ದಿಲ್ಲ! ಹೆಡಕಿಗೆ ಗರಿ ತಾಗಿತು. ರೂಢಿ ನೋಡ್ರಿ, ಕೂಸಿನ ಮ್ಯಾಲ ಬಾಗಿಬಿಟ್ಟೆ... ಮುಂದಿನ ಲಾರ್ಯಾಗಿನ ಕಬ್ಬಿಣದ ಪೈಪು ಗ್ಲಾಸ್ ಒಡಕೊಂಡು ಬಂದು, ನನ್ನ ತಲಿ ಇದ್ದ ಜಾಗಾಕ್ಕ ಸೀಟಿನ್ಯಾಗ ನಟ್ಟಿತ್ತು. ಕೂಸಿಗೆ ಒಂದು ಗೀರೂ ಇಲ್ಲ.

ಎಲ್ಲಿಯ ಗುಡ್ಡಾ, ಎಲ್ಲಿಯ ಟೆಕ್ಸಾಸು? ನನ್ನಂಥಾವನ ಸಲುವಾಗಿ ದಸ್ತಗೀರಸಾಬ ಸತ್ತ ಮ್ಯಾಲೂ ಇಷ್ಟು ದೂರ ಬಂದಾನಲ್ಲ, ಅಂವನ ಉಪಕಾರ ಹೆಂಗ ತೀರಸಲಿ? ಅದಕ್ಕ ಕಂಡ ಕಂಡ ಬಾಗಲದಾಗ ಬಾಗತೀನಿ..."

ಹಾಲಪ್ಪನವರು ತಟ್ಟನೆ ಮಾತು ನಿಲ್ಲಿಸಿ ಕಿವಿಗೊಟ್ಟರು. ಒಂದು ಹನಿಯ ಸದ್ದೂ ಇರಲಿಲ್ಲ.

"ತಮ್ಮಾ, ಮಳಿ ನಿಂತಿತೇನು ನೋಡು."

ನಾನು ಕಿಟಕಿಯತ್ತ ತಿರುಗಿದೆ. ಗಾಜಿನ ಮೇಲೆ ನೀರು ಒಂದೇ ಸಮನೆ ಇಳಿಯುತ್ತಿತ್ತು.

"ಇಲ್ಲ ಅಜ್ಜಾ, ಬರ್ತಾನೇ ಇದೆ."

ಅವರು ಮೊಮ್ಮಗಳನ್ನು ಎದೆಗವಚಿಕೊಂಡರು.

"ಹಂಗಾದ್ರ ಇನ್ನ ನಗಬ್ಯಾಡ್ರಿ," ಎಂದರು. "ಎಲ್ಲಾರೂ ಬಾಗ್ರಿ."