ಮುದ್ರೆ ಬಿದ್ದ ಏಳು ಊರು

ಆ ಅಕ್ಕ ತಮ್ಮನ ಬಳಿ ತಾತನ ಒಂದು ಫೋಟೋ ಕೂಡ ಇರಲಿಲ್ಲ. ಇದ್ದದ್ದು ಯುದ್ಧಕಾಲದಲ್ಲಿ ಆತ ಅಜ್ಜಿಗೆ ಬರೆದ ಏಳು ಕಾಗದ. ಅವುಗಳ ಮೇಲಿನ ಅಂಚೆಮುದ್ರೆ ಹಿಡಿದು, ವ್ಯಾನಿನಲ್ಲಿ ಊರೂರು ಸುತ್ತಿ, ಅಜ್ಜಿಗೆಂದೇ ಸಿನಿಮಾ ತೆಗೆಯುತ್ತಿದ್ದರು. ಪಂಕ್ಚರ್ ಅಂಗಡಿಯ ಬೆಂಚಿನ ಮೇಲೆ ತನ್ನ ಸ್ಕೂಟರಿಗೆ ಕಾಯುತ್ತಿದ್ದ ಟೈಲರಮ್ಮನಿಗೆ ಇಷ್ಟೂ ಅವರ ಜಗಳದಿಂದಲೇ ತಿಳಿಯಿತು.

“ಲೋ, ಕಾಗದದ ಒಳಗೇನಿದೆ ಅಂತ ಓದಿದ್ಯಾ?”

“ಮುದ್ರೆ ಓದಿದೆ, ಸಾಲದೇನೇ? ಡೈರೆಕ್ಟರು ನಾನು.”

“ಘನಂದಾರಿ ಡೈರೆಕ್ಟರು! ಹನ್ನೊಂದು ದಿನ ವ್ಯಾನ್ ಓಡಿಸಿ, ಇವತ್ತು ಕೂತು ಓದ್ದೆ. ಸೈನ್ಯದವರು ಕಾಗದ ಎಲ್ಲ ಬೇರೆ ಬೇರೆ ಊರಿಗೆ ಒಯ್ದು, ಓದಿ, ಅಲ್ಲಿ ಮುದ್ರೆ ಒತ್ತುತ್ತಿದ್ರಂತೆ. ತಾತ ಇದ್ದಿದ್ದು ಸಮುದ್ರದ ದಂಡೆಯ ದೀಪಸ್ತಂಭದಲ್ಲಿ, ಅಡುಗೆಯವನಾಗಿ.”

“ಮತ್ತೆ ಏಳೂ ಊರಲ್ಲಿ ಒಬ್ಬೊಬ್ಬ ಮುದುಕರು ತಾತ ಚೆನ್ನಾಗಿ ನೆನಪಿದ್ದಾರೆ ಅಂದ್ರಲ್ಲ?”

“ಕ್ಯಾಮೆರಾ ಹಿಡಿದ್ರೆ ನಿನ್ನ ಮುತ್ತಾತನೂ ನೆನಪಿಗೆ ಬರ್ತಾನೆ.”

“ಒಬ್ಬರು ಅತ್ತೇಬಿಟ್ರು ಕಣೇ.”

“ನೀನೂ ಅತ್ತೆ. ಅದೂ ರೆಕಾರ್ಡ್ ಆಗಿದೆ.”

“ಇದನ್ನೇ ತೋರಿಸೋಣ. ಅಜ್ಜಿಗೇನು ಗೊತ್ತಾಗುತ್ತೆ?”

“ಕಾಗದ ಬಂದಿದ್ದು ಯಾರಿಗೋ, ಕತ್ತೆ? ಅವರಿಗೆ ಬಾಯಿಪಾಠ. ಕೇಳದೆ ಪೆಟ್ಟಿಗೆಯಿಂದ ಎತ್ಕೊಂಡು ಬಂದೋನು ನೀನು.”

“ಮತ್ತೆ ಶುರುಮಾಡೋಕೆ ಟೈಮೆಲ್ಲಿದೆ?”

“ಮುಂದಿನ ತಿಂಗಳಿಗೆ ಅಜ್ಜಿ ಕಣ್ಣು ಪೂರ್ತಿ ಹೋಗುತ್ತೆ ಅಂದಿದ್ದಾರೆ ಡಾಕ್ಟ್ರು. ಅಷ್ಟರೊಳಗೆ ಆ ದೀಪಸ್ತಂಭಾನಾದ್ರೂ ನೋಡ್ಲಿ. ವ್ಯಾನ್ ಹತ್ತು.”

ಮೆಕ್ಯಾನಿಕ್ ವ್ಯಾನಿನ ಎರಡನೇ ಟೈರಿನ ಕೊನೆಯ ನಟ್ಟು ಬಿಗಿದ. ತಮ್ಮ ಕ್ಯಾಮೆರಾ ಎತ್ತಿಕೊಂಡು ಹತ್ತಿ ಕೂತ. ಅಕ್ಕ ವ್ಯಾನನ್ನು ಸಮುದ್ರದ ದಾರಿಗೆ ತಿರುಗಿಸಿದಳು.

ಟೈಲರಮ್ಮನ ಎಣಿಕೆಯಲ್ಲಿ ಹಾಳಾದದ್ದು ಹನ್ನೊಂದು ದಿನ, ಎರಡು ಟೈರು ಮತ್ತು ತಾತನನ್ನು ಕಣ್ಣಾರೆ ಕಂಡಿದ್ದ ಏಳು ಸಾಕ್ಷಿಗಳು.