ಬಿಗಿ ಕೇಳಿದವನು

ಬ್ಯಾಂಕಿನ ಸಾಲಿನಲ್ಲಿ ನನ್ನ ಮುಂದೆ ಒಬ್ಬ ಬ್ಯಾಡ್ಮಿಂಟನ್ ಕೋಚ್, ಅವನ ಅಕ್ಕ ನಿಂತಿದ್ದರು. ಹೊಲಿಗೆ ಬಿಟ್ಟು ಓಡಿಬಂದಿದ್ದ ಅಕ್ಕನ ಕೊರಳಲ್ಲಿ ಅಳತೆ ಟೇಪು ಹಾಗೇ ಇತ್ತು.

“ಹಳೇ ರ‍್ಯಾಕೆಟ್ ಮಾರೋಕೆ ಹೋಗಿ ದುಡ್ಡು ಕಳ್ಕೊಂಡ್ಯಾ? ಅದು ಹೇಗೋ?”

“ಆನ್‌ಲೈನಲ್ಲಿ ಹಾಕಿದ್ದೆ. ಒಬ್ಬ ತಗೋತೀನಿ ಅಂತ ಕ್ಯೂಆರ್ ಕೋಡ್ ಕಳಿಸಿದ. ಸ್ಕ್ಯಾನ್ ಮಾಡಿ ಪಿನ್ ಒತ್ತಿ, ದುಡ್ಡು ಬರುತ್ತೆ ಅಂದ.”

“ದುಡ್ಡು ಬರೋದಕ್ಕೆ ಯಾರಾದ್ರೂ ಪಿನ್ ಒತ್ತುತ್ತಾರೇನೋ? ಪಿನ್ ಒತ್ತೋದು ಕೊಡೋದಕ್ಕೆ!”

“ಅವನು ಮೊದಲು ಕೇಳಿದ್ದೇ ಗಟ್ಟಿಂಗ್, ಅದೇ ರ‍್ಯಾಕೆಟ್ ದಾರ, ಎಷ್ಟು ಬಿಗಿ ಇದೆ ಅಂತ. ಆಟಗಾರ, ಮೋಸ ಮಾಡಲ್ಲ ಅಂದ್ಕೊಂಡೆ.”

“ಒಂದೇ ಸಲ ಒತ್ತಿದ್ದು ತಾನೇ?”

“ದುಡ್ಡು ಬಂದಿಲ್ವಾ, ಇನ್ನೊಮ್ಮೆ ಒತ್ತಿ ಅಂದ. ಹಾಗೇ ಒತ್ತುತ್ತಾ ಹೋದೆ.”

“ಅಯ್ಯೋ ದೇವರೇ! ತಲೇಲಿ ಏನಿಟ್ಕೊಂಡಿದೀಯೋ? ಹೋಗ್ಲಿ, ನಿನ್ನ ಅಕೌಂಟಲ್ಲಿ ಮಹಾ ಏನಿತ್ತು!”





“ನನ್ನದಲ್ಲಕ್ಕ. ನಮ್ಮಿಬ್ಬರ ಜಾಯಿಂಟ್ ಅಕೌಂಟು.”

“ನನ್ನ ಹೊಲಿಗೆ ಅಂಗಡಿ ಅಡ್ವಾನ್ಸಿಗೆ ಇಟ್ಟಿದ್ದ ದುಡ್ಡಾ?”

“ಹ್ಞೂಂ.”



“ಏನಾದ್ರೂ ಉಳಿದಿದೆಯೇನೋ?”

“ರ‍್ಯಾಕೆಟ್ ಉಳಿದಿದೆ, ಅಕ್ಕ.”

“ಮುಂದಿನವರು ಬನ್ನಿ,” ಎಂದರು ಕೌಂಟರಿನಿಂದ. ಅಕ್ಕ ಕೊರಳಿನ ಟೇಪನ್ನು ತೆಗೆದು, ಸುತ್ತಿ, ತಮ್ಮನ ಕೈಗಿಟ್ಟು, “ರ‍್ಯಾಕೆಟ್ ಜೊತೆ ಇದನ್ನೂ ಮಾರು,” ಎಂದು ಒಬ್ಬಳೇ ಮುಂದೆ ಹೋದಳು.