ಮೊದಲು ಬಂದ ಸೀಟು

ಒದ್ದೆ ಹತ್ತಿಬಟ್ಟೆಯ ಮೇಲೆ ಕಾದ ಇಸ್ತ್ರಿಪೆಟ್ಟಿಗೆ ಇಟ್ಟಾಗ ಏಳುವ ವಾಸನೆ ಅಜ್ಜಿಗೆ ಚಿಕ್ಕಂದಿನಿಂದಲೂ ಇಷ್ಟ. ಹೊರದೇಶದ ವಿಶ್ವವಿದ್ಯಾಲಯಗಳ ಪ್ರವೇಶ ಕಚೇರಿಯಲ್ಲಿ ಮೊಮ್ಮಗಳಿಗಾಗಿ ಕಾಯುತ್ತ ಕೂತಿದ್ದಾಗ, ಅದೇ ವಾಸನೆ ಪಕ್ಕದವನ ಅಂಗಿಯಿಂದ ಬಂತು. ಇಸ್ತ್ರಿ ಅಂಗಡಿಯವನಿರಬೇಕು. ಅವನೂ ಮಗಳೂ ಆಗಷ್ಟೇ ಗುಮಾಸ್ತೆಯ ಕಿಟಕಿಯಿಂದ ಹಿಂತಿರುಗಿದ್ದರು.

“ಇನ್ನೊಂದ್ಸಲ ಕೇಳ್ಲಾ ಪುಟ್ಟಿ?”

“ಬೇಡಪ್ಪ. ಒಂದು ಸೀಟು ಒಪ್ಕೊಂಡ್ರೆ ಉಳಿದ ಅರ್ಜಿ ಎಲ್ಲಾ ತಾನಾಗೇ ರದ್ದಾಗುತ್ತೆ ಅಂದ್ರಲ್ಲ. ವಾಪಸ್ ಬರಲ್ವಂತೆ.”

“ನೀನು ಪರೀಕ್ಷೆಗೆ ಹೋಗಿದ್ದೆ. ಸೀಟು ಸಿಕ್ಕಿದೆ ಅಂತ ನನ್ನ ಫೋನಿಗೆ ಬಂತು. ಬೇರೆಯೋರ ಪಾಲಾದೀತು ಅಂತ ಒಪ್ಪಿಗೆ ಒತ್ಬಿಟ್ಟೆ.”

“ನಾನು ಬರೋ ತನಕ ಕಾಯ್ಬಾರ್ದಿತ್ತಾ?”

“ಅಂಗಡಿಗೆ ಮೊದಲು ಬಂದ ಗಿರಾಕೀನ ನಾನು ಯಾವತ್ತೂ ವಾಪಸ್ ಕಳ್ಸಿಲ್ಲ ಕಣೇ. ಕೈಗೆ ಅದೇ ಅಭ್ಯಾಸ.”

“ಇದು ಗಿರಾಕಿ ಅಲ್ಲಪ್ಪ.”

“ಹೋಗ್ಲಿ, ಅಲ್ಲೂ ನಿನಗೆ ಬೇಕಿದ್ದ ಸಮುದ್ರದ ಓದು ಹೇಳ್ಕೊಡಲ್ವಾ?”

“ಇಲ್ಲ. ಹೋಟೆಲ್ ನಡೆಸೋದು ಹೇಳ್ಕೊಡ್ತಾರೆ. ಸುಮ್ನೆ ಒಂದು ಇರ್ಲಿ ಅಂತ ಅರ್ಜಿ ಹಾಕಿದ್ದೆ.”

“ಹೋಟೆಲ್ಲಾ? ಹಾಲು ಉಕ್ಕದ ಹಾಗೆ ಕಾಯ್ಸೋಕೂ ಬರಲ್ವಲ್ಲೇ ನಿನಗೆ!”

ಹುಡುಗಿ ನಕ್ಕುಬಿಟ್ಟಳು. ಆ ನಗು ಅರ್ಧಕ್ಕೇ ನಿಂತು ಕಣ್ಣು ತುಂಬಿತು.

“ಬೈದ್ಬಿಡೇ ನನ್ನ.”

“ಬೈದ್ರೆ ಆ ಸೀಟು ಬರುತ್ತಾ?”

ಇಬ್ಬರೂ ಎದ್ದರು. ಕಿಟಕಿಯ ಮುಂದೆ ಹಾಯುವಾಗ ಅವನ ಹೆಜ್ಜೆ ನಿಧಾನವಾಯಿತು; ಒಳಗಿನ ಗುಮಾಸ್ತೆ ಆಗದೆಂದು ತಲೆಯಾಡಿಸಿದಳು.

“ಬಾರಪ್ಪ, ಬೆಳಿಗ್ಗೆಯಿಂದ ಏನೂ ತಿಂದಿಲ್ಲ ನೀನು.”

ಬಾಗಿಲ ಬಳಿ ಹುಡುಗಿ ತನ್ನ ಊಟದ ಡಬ್ಬಿ ತೆಗೆದು ಅಪ್ಪನ ಕೈಗಿಟ್ಟಳು.